ಹದಿನಾಲ್ಕನೇ ನಂಬರು

ಅತ್ತೆಮನೆಯ ಜಗಲಿಯಲ್ಲಿ ಕೂತ ಸೈಲಸನಿಗೆ ರಸ್ತೆಯಾಚೆಯ ಆಟದಂಗಳದ ನಡುವೆ ಬರೆದಿದ್ದ ತನ್ನ ಹೆಸರು ತಲೆಕೆಳಗಾಗಿ ಕಾಣುತ್ತಿತ್ತು. ನಿನ್ನೆ ಸಂಜೆ ಬಳಿದ ಬಿಳಿ ಬಣ್ಣ. ಆಗ್ನೇಯದ ಗಾಳಿ ಅದರ ವಾಸನೆಯನ್ನು ಕಡಲಿನ ಉಪ್ಪಿನೊಂದಿಗೆ ಬೆರೆಸಿ ತಂದು ಮೂಗಿಗೆ ತುರುಕುತ್ತಿತ್ತು. ಬೆಳಗಿನಿಂದ ಒಂದು ನಾಯಿ ಎರಡು ಸಲ ಆ ಹೆಸರಿನ ಮೇಲೆ ನಡೆದುಹೋಗಿತ್ತು, ಎರಡು ಸಲವೂ ಅವನಿಗೆ ಎದೆ ಹಗುರಾದಂತೆನಿಸಿತ್ತು. ಮನುಷ್ಯರು ಮಾತ್ರ, ಕುರ್ಚಿ ಹೊತ್ತವರು, ಹೂಸರ ಹಿಡಿದ ಹೆಂಗಸರು, ಹೊಸ ಸಮಾಧಿಯೊಂದನ್ನು ಬಳಸಿ ನಡೆಯುವ ಹಾಗೆ ಹೆಸರನ್ನು ಬಳಸಿಕೊಂಡು ಹೋಗುತ್ತಿದ್ದರು. ಹದಿನೈದು ವರ್ಷ ದಕ್ಷಿಣದ ಚಳಿಯೂರಿನ ದೊಡ್ಡ ಕ್ಲಬ್ಬಿಗೆ ಬ್ಯಾಸ್ಕೆಟ್‌ಬಾಲ್ ಆಡಿದವನು, ಅದರಲ್ಲಿ ಎಂಟು ವರ್ಷ ನಾಯಕ, ಈಗ ನಿವೃತ್ತ. ಹುಟ್ಟಿದ ದ್ವೀಪದ ಅಂಗಳಕ್ಕೆ ಅವನ ಹೆಸರಿಡುತ್ತಾರೆ, ಅದಕ್ಕೇನು, ಇಡಲಿ ಎಂದು ಅವನು ಒಪ್ಪಿಕೊಂಡಿದ್ದ. ಆದರೆ ಒಪ್ಪಿದ ಹೊತ್ತಿನಲ್ಲಿ ಬುಟ್ಟಿಯ ಕಂಬದ ಹಿಂದೆ, ತಂತಿಬೇಲಿಯ ಆಚೆ, ಒಬ್ಬ ಮನುಷ್ಯ ಬರಿಮೈಯಲ್ಲಿ ಗುಂಡಿ ತೋಡುತ್ತಿರುತ್ತಾನೆಂಬುದು ತಲೆಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ಸನ್ಮಾನದ ಊಟಕ್ಕೆ ಮಾಂಸ ಹೂಳಿ ಬೇಯಿಸುವ ಗುಂಡಿಯನ್ನು ಸನ್ಮಾನಿತನ ಹೆಂಡತಿಯ ಕಡೆಯವರೇ ತೋಡಬೇಕು, ಕಲ್ಲು ಕಾಯಿಸಬೇಕು, ಬಡಿಸಬೇಕು, ಎಲ್ಲರದೂ ಆದ ಮೇಲೆ ತಾವು ಉಣ್ಣಬೇಕು. ಅತ್ತೆ ತೀರಿಕೊಂಡು ಎರಡು ವರ್ಷ. ಆ ಮನೆಯಲ್ಲಿ ಈಗ ಉಳಿದಿರುವ ಗಂಡಸು ಒಬ್ಬನೇ, ಭಾವ. ಸಲಿಕೆ ಮಣ್ಣಿಗೆ ತಾಗಿದಾಗಲೆಲ್ಲ ಸೈಲಸನ ಬಲಮೊಣಕಾಲಿನ ಚಿಪ್ಪಿನೊಳಗೆ ಏನೋ ಕೆರೆದಂತಾಗುತ್ತಿತ್ತು.

ಹೆಂಡತಿ ಪೆಟ್ರೀನಾ ಕ್ಲಬ್ಬಿನ ಆಮೆಯ ಚಿತ್ತಾರದ ಅಂಗಿಯನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು.

"ಹಾಕ್ಕೋ. ಕ್ರೇಗ್ ಹತ್ತು ಗಂಟೆ ದೋಣೀಲಿ ಬರ್ತಾನಂತೆ, ಕ್ಲಬ್ಬಿಂದ ಅವನನ್ನೇ ಕಳ್ಸಿದಾರೆ."

"ಅವನನ್ನೇ ಯಾಕೆ?"

"ನನ್ನ ಕೇಳಿದ್ರೆ? ಹೋಗಿ ಅಣ್ಣನ್ನ ಮಾತಾಡಿಸಿದ್ಯಾ?"

"ನಾ ಏಳೋಷ್ಟ್ರಲ್ಲಿ ಎದ್ದು ಹೋಗಿದ್ದ."

"ಎಲ್ಲಿಗ್ ಹೋಗಿದ್ದ, ಚಂದ್ರಲೋಕಕ್ಕಾ? ಅಲ್ಲಿದಾನೆ ನೋಡು, ಮೂವತ್ತು ಹೆಜ್ಜೆ." ಅವಳು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು. "ಒಂಬತ್ತು ವರ್ಷದಿಂದ ನಾ ನಿನ್ನ ಆ ಮಾತು ಕೇಳಿಲ್ಲ. ಇವತ್ತೂ ಕೇಳಲ್ಲ. ಗಂಡನ್ನ ಕೇಳಿದ್ರೆ ಅಣ್ಣನ್ನ ನಂಬ್ಲಿಲ್ಲ ಅಂತ, ಅಣ್ಣನ್ನ ಕೇಳಿದ್ರೆ ಗಂಡನ್ನ ನಂಬ್ಲಿಲ್ಲ ಅಂತ. ಆದ್ರೆ ಅಮ್ಮ ಸಾಯೋವಾಗ ಅಣ್ಣನ ಕೈ ಹಿಡ್ಕೊಂಡು ಏನಂದ್ಳು ಗೊತ್ತಲ್ಲ."

ಗೊತ್ತಿತ್ತು. ಆ ಮಾತನ್ನು ಅವಳೇ ಒಮ್ಮೆ ಪಾತ್ರೆ ತೊಳೆಯುತ್ತ, ಅವನ ಕಡೆ ನೋಡದೆ ಹೇಳಿದ್ದಳು. ನಿನ್ನ ಸುಳ್ಳನ್ನ ದೇವ್ರು ಮನ್ನಿಸ್ಲಿ ಮಗನೇ, ಎಂದಿದ್ದಳಂತೆ ಅತ್ತೆ.

ಭಾವನಿಗೆ ಹೆಸರಿಲ್ಲವೆಂದಲ್ಲ. ಇಡೀ ದ್ವೀಪ ಆ ಹೆಸರನ್ನು ಕೂಗಿ ಕರೆಯುತ್ತದೆ. ಸೈಲಸ್ ಕರೆಯುವಂತಿಲ್ಲ, ಅಷ್ಟೆ. ಹೆಂಡತಿಯ ಅಣ್ಣನ ಹೆಸರು ನಾಲಗೆಗೆ ಬರಬಾರದು, ಅವನ ನಾಲಗೆಗೆ ಇವನದೂ ಬರಬಾರದು. ತಪ್ಪಿ ಬಂತೋ, ಅಂದವನು ತಲೆ ತಗ್ಗಿಸಿ ನಿಲ್ಲಬೇಕು, ಹೆಸರಿನವನಿಗೆ ಏನಾದರೂ ದಂಡ ಕೊಡಬೇಕು, ಅವನು ಅದನ್ನು ಕೈಯಾರೆ ತೆಗೆದುಕೊಂಡ ಮೇಲೆಯೇ ಮುಖ ಎತ್ತಬೇಕು. ಮದುವೆಯಾದ ವರ್ಷ, ಇದೇ ಅಂಗಳದಲ್ಲಿ, ಆಗ ಡಾಂಬರು ಕಾಣದ ಹವಳದ ಮರಳು, ಚೆಂಡು ಬೇಕೆಂಬ ಆತುರದಲ್ಲಿ ಒಮ್ಮೆ ಬಾಯಿ ಜಾರಿ ಆ ಹೆಸರು ಬಂದುಬಿಟ್ಟಿತ್ತು. ಆಟ ಅಲ್ಲಿಗೇ ನಿಂತಿತು. ಸೈಲಸ್ ಮೀನು ಹಿಡಿಯುವ ಗಾಳದ ತನ್ನ ಹೊಸ ರಾಟೆಯನ್ನೇ ತಂದು ಕೊಟ್ಟಿದ್ದ. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನೊಂದ್ಸಲ ಕರೀ ಭಾವ, ನಂಗೊಂದು ದೋಣೀನೂ ಬೇಕಾಗಿದೆ" ಎಂದು ನಕ್ಕಿದ್ದ. ಆಮೇಲೆ ಇಬ್ಬರೂ ಒಂದೇ ಕ್ಲಬ್ಬಿಗೆ ಹೋದರು. ನಿಜ ಹೇಳಬೇಕೆಂದರೆ ಕ್ಲಬ್ಬಿಗೆ ಬೇಕಾಗಿದ್ದವನು ಭಾವ. ಒಬ್ಬನೇ ಬಂದರೆ ಬೇಸರಪಟ್ಟು ಓಡಿಹೋದಾನೆಂದು ಇವನನ್ನೂ ಜೊತೆಗೆ ಕರೆಸಿಕೊಂಡಿದ್ದರು. ಬೆಚ್ಚಗಿನ ಆ ದೊಡ್ಡ ಸಭಾಂಗಣದಲ್ಲಿ, ಎಂಟು ಸಾವಿರ ಜನರ ಗದ್ದಲದಲ್ಲಿ, ಇವನು "ಭಾವ, ಭಾವ" ಎಂದು ಕೂಗಿ ಚೆಂಡು ಕೇಳುತ್ತಿದ್ದ. ತಂಡದ ಬಿಳಿಯರು ಅದೇ ಅವನ ಅಡ್ಡಹೆಸರೆಂದು ತಿಳಿದು ತಾವೂ ಭಾವ ಎನ್ನತೊಡಗಿದರು. "ಇವ್ರಿಗೆಲ್ಲ ಕೊಡೋಕೆ ನನ್ ತಂಗೀರೇ ಸಾಲದಾದ್ರಲ್ಲೋ" ಎಂದು ಭಾವ ಸ್ನಾನದ ಮನೆಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಬೇಲಿಯಾಚೆ ಸಲಿಕೆಯ ಸದ್ದು ನಿಂತಿತು. ನಿಂತದ್ದು ಸೈಲಸನಿಗೆ ಕೇಳಿಸಿತು. ಅವನಿಗೆ ಎಲ್ಲವೂ ಕೇಳಿಸುತ್ತದೆ. ಪ್ರತಿ ವರ್ಷ ಕ್ಲಬ್ಬಿನ ವೈದ್ಯರು ಕಿವಿಗೆ ಯಂತ್ರ ಹಾಕಿ ಪರೀಕ್ಷಿಸುತ್ತಿದ್ದರು. ಒಂಬತ್ತು ವರ್ಷದ ಹಿಂದಿನ ಆ ಪಂದ್ಯದ ನಂತರ ಅವನು ಎಡಗಿವಿ ಸ್ವಲ್ಪ ಮಂದವೆಂದು ತಾನಾಗಿ ಹೇಳಿಕೊಂಡಿದ್ದ, ಸೂಜಿಯಂಥ ಸಣ್ಣ ಸದ್ದು ಬಂದಾಗ ಗುಂಡಿ ಒತ್ತದೆ ಸುಮ್ಮನೆ ಕೂತಿದ್ದ. ಆದರೂ ಮೈ ಮೋಸ ಮಾಡಿತು, ಸದ್ದು ಬಂದ ಕಡೆ ಕಣ್ಣು ಹೊರಳಿತು. ವೈದ್ಯೆ ನಗುತ್ತ, "ನಿಮ್ಮ ಕಿವಿ ನಾಯಿಯ ಕಿವಿ ಇದ್ದ ಹಾಗಿದೆ, ನನ್ನ ಹತ್ರ ಆಟ ಆಡ್ಬೇಡಿ" ಎಂದು ಬರೆದುಕೊಂಡಳು. ಒಂಬತ್ತು ವರ್ಷಗಳಿಂದ ಒಂಬತ್ತು ಕಾಗದಗಳು ಅವನ ಕಿವಿ ಸರಿಯಾಗಿದೆಯೆಂದು ಸಹಿ ಹಾಕಿ ಹೇಳುತ್ತಿವೆ.

ಆ ಪಂದ್ಯದ ಮೂರನೆಯ ಪಾಳಿ ಅದು. ಭಾವ ಗಾಳಿಯಲ್ಲಿ ಎದ್ದು ಎದುರಾಳಿಯ ಚೆಂಡನ್ನು ರಿಂಗಿನ ಬಾಯಿಂದಲೇ ಕಿತ್ತುಕೊಂಡಿದ್ದ, ಮನುಷ್ಯ ಅಷ್ಟು ಹೊತ್ತು ಮೇಲಿರಲು ಸಾಧ್ಯವೇ ಎಂದು ಸಭಾಂಗಣ ಒಂದು ಕ್ಷಣ ಬಾಯಿ ಮುಚ್ಚಿತ್ತು. ಸೈಲಸ್ ಗೆರೆಯ ಪಕ್ಕದಲ್ಲಿ ಬಗ್ಗಿ ನೀರಿನ ಬಾಟಲಿ ಎತ್ತಿಕೊಳ್ಳುತ್ತಿದ್ದ. ಅವನ ತಲೆಯಿಂದ ಎರಡು ಮೊಳ ದೂರದಲ್ಲಿ, ಮುಂದಿನ ಸಾಲಿನ ಮೆತ್ತೆಯ ಕುರ್ಚಿಯಲ್ಲಿ, ಕ್ಲಬ್ಬಿನ ಅಂಗಿಯ ಎದೆಯ ಮೇಲೆ ಯಾರ ಕಂಪನಿಯ ಹೆಸರಿತ್ತೋ ಆ ಮನುಷ್ಯ ಕೂತಿದ್ದ. ಅವನು ಕಿರುಚಲಿಲ್ಲ. ಮನೆಯ ಊಟದ ಮೇಜಿನಲ್ಲಿ ಉಪ್ಪು ಕೇಳುವವನ ದನಿಯಲ್ಲಿ ಹೇಳಿದ: "ಆ ಕೋತಿಗೆ ಯಾರಾದ್ರೂ ಒಂದು ಬಾಳೆಹಣ್ಣು ಎಸೀರಪ್ಪ, ಚೆಂಡು ತಾನಾಗೇ ಕೆಳಗೆ ಬಿಡುತ್ತೆ." ಹೇಳಿ, ಬಗ್ಗಿದ್ದ ಸೈಲಸನ ಕಣ್ಣನ್ನು ನೋಡಿದ. ಗುರುತಿನವರನ್ನು ನೋಡುವಂತೆ, ನೀನು ಹಾಗಲ್ಲ ಬಿಡು ಎನ್ನುವಂತೆ, ತಮಾಷೆಯಲ್ಲಿ ಪಾಲು ಕೊಡುವವನಂತೆ ನೋಡಿದ. ಆಗ ಸೈಲಸನ ಮುಖದಲ್ಲಿ ಒಂದು ನಗು ಬಂತು. ಅವನು ತರಿಸಿದ್ದಲ್ಲ, ತಾನಾಗಿ ಬಂತು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪೊಲೀಸರ ಗಾಡಿ ಪಕ್ಕದಲ್ಲಿ ನಿಂತಾಗ, ಬಿಳಿಯರೆದುರು ಅಜ್ಜ ನಕ್ಕ, ಅಪ್ಪ ನಕ್ಕ ಅದೇ ನಗು. ಮುತ್ತಿನ ಚಿಪ್ಪು ಹೆಕ್ಕಲು ಹಡಗಿನ ಧಣಿ ಅಜ್ಜನನ್ನು ಉಸಿರು ಕಟ್ಟುವ ಆಳಕ್ಕೆ ಇಳಿಸುವಾಗಲೂ ಅಜ್ಜನ ಮುಖದಲ್ಲಿ ಇದ್ದಿರಬಹುದಾದ ನಗು. ಮೂರು ತಲೆಮಾರಿನಿಂದ ಬಾಯಿಗೆ ಹೊಲಿದುಬಿಟ್ಟಿದ್ದು. ತಲೆ ಎತ್ತಿದಾಗ ಆರು ಹೆಜ್ಜೆ ದೂರದಲ್ಲಿ ಚೆಂಡನ್ನು ಹೊಟ್ಟೆಗೆ ಅವಚಿಕೊಂಡು ಭಾವ ನಿಂತಿದ್ದ. ಅವನು ಆ ಮನುಷ್ಯನನ್ನು ನೋಡುತ್ತಿರಲಿಲ್ಲ.

ದೂರು ಕೊಟ್ಟವನು ಭಾವ. ವಿಚಾರಣೆ ನಡೆಸಿದವನು ಆಟಗಾರರ ಕ್ಷೇಮ ನೋಡಿಕೊಳ್ಳುವ ಕ್ರೇಗ್. ಕೋಣೆಯಲ್ಲಿ ಒಂದು ನೀರಿನ ಲೋಟ, ಒಂದು ಕಾಗದ, ಕಿಟಕಿಯಾಚೆ ಎಲೆಯುದುರಿದ ಮರ. ಕ್ರೇಗ್ ಒತ್ತಾಯ ಮಾಡಲಿಲ್ಲ, ಅದು ಅವನ ವೃತ್ತಿಯ ಹೆಚ್ಚುಗಾರಿಕೆ. "ನೋಡಿ ಸೈಲಸ್, ನೀವು ಕೇಳಿಸಿಕೊಂಡಿದ್ರೆ ಕೇಳಿಸಿಕೊಂಡೆ ಅಂತಾನೇ ಬರೀಬೇಕು. ಕೇಳಿಸದೇ ಇದ್ರೆ ಬಲವಂತ ಇಲ್ಲ. ಅಲ್ಲಿ ಗದ್ದಲ ಎಷ್ಟಿತ್ತು ಅಂತ ಎಲ್ರಿಗೂ ಗೊತ್ತು. ಮುಂದಿನ ಸಲ ನಾಯಕ ಯಾರು ಅಂತ ಮಾತು ನಡೀತಾ ಇದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ." ಪೆನ್ನು ಓಡಿತು. ಹೆಸರು ಬರೆಯುವ ಜಾಗಕ್ಕೆ ಬಂದಾಗ ನಿಂತಿತು. ಸುಳ್ಳು ಬರೆಯಲು ಅಳುಕದ ಕೈ ಹೆಂಡತಿಯ ಅಣ್ಣನ ಹೆಸರು ಬರೆಯಲು ಅಳುಕಿತು. ಹೆಸರಿನ ಬದಲು ಅಂಗಿಯ ನಂಬರು ಬರೆದ. ಹದಿನಾಲ್ಕನೇ ನಂಬರಿನ ಆಟಗಾರನನ್ನು ಕುರಿತು ಯಾರೂ ಏನೂ ಅಂದದ್ದು ನನಗೆ ಕೇಳಿಸಲಿಲ್ಲ. ಕ್ರೇಗ್ ಓದಿ ತಲೆದೂಗಿದ: "ನಂಬರು ಹಾಕಿದ್ದು ಒಳ್ಳೇದಾಯ್ತು, ನಿಷ್ಪಕ್ಷಪಾತವಾಗಿ ಕಾಣುತ್ತೆ."

ಅಲ್ಲಿಗೆ ಮುಗಿದಿದ್ದರೆ ಭಾವ ದಕ್ಷಿಣದಲ್ಲಿ ಮಾತ್ರ ಸುಳ್ಳುಗಾರನಾಗುತ್ತಿದ್ದ. ಹೇಳಿಕೆ ಪತ್ರಿಕೆಯಲ್ಲಿ ಅಚ್ಚಾಗಿ ದೋಣಿಯೇರಿ ದ್ವೀಪಕ್ಕೂ ಬಂತು. ಚರ್ಚಿನ ಮೆಟ್ಟಿಲ ಮೇಲೆ ಕೂತು ಮೇಬಲ್ ಅತ್ತೆ, ಸೈಲಸನ ಸೋದರತ್ತೆ, ದ್ವೀಪದ ಮಾನ ಮರ್ಯಾದೆಗಳ ತಕ್ಕಡಿ ಹಿಡಿದವಳು, ಅದನ್ನು ಗಟ್ಟಿಯಾಗಿ ಓದಿದಳು. ಓದಿ ಬೆರಳಿಟ್ಟು ತೋರಿಸಿದಳು: ನೋಡ್ರೇ, ಇಲ್ಲಿ. ಅಷ್ಟು ದೂರ ಹೋಗಿ, ಬಿಳಿಯರ ಕಾಗದದ ಮೇಲೂ ಹೆಂಡ್ತಿ ಅಣ್ಣನ ಹೆಸರು ಎತ್ತಿಲ್ಲ ನನ್ನ ಮಗ. ಇಂಥವನು ಸುಳ್ಳು ಹೇಳ್ತಾನಾ? ಎಲ್ಲರೂ ಹೌದೆಂದರು. ಅತ್ತೆಯೂ, ಭಾವನ ಹೆತ್ತ ತಾಯಿಯೂ, ಹೌದೆಂದಳು. ಹೆಸರಿಗೆ ಅಷ್ಟು ಅಂಜುವವನು ಹೆಸರಿನವನಿಗೆ ಕೇಡು ಬಗೆದಾನೆಂದು ಇಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ. ಆ ವರ್ಷದ ಕೊನೆಯಲ್ಲಿ ಕ್ಲಬ್ಬು ಭಾವನ ಒಪ್ಪಂದ ಮುಂದುವರಿಸಲಿಲ್ಲ, ಬೇರೆ ಯಾವ ಕ್ಲಬ್ಬೂ ಕರೆಯಲಿಲ್ಲ. ತಲೆನೋವಿನ ಆಟಗಾರ ಎಂಬ ಮಾತು ಅವನಿಗಿಂತ ಮೊದಲೇ ಎಲ್ಲ ಊರು ಮುಟ್ಟಿತ್ತು. ಅವನು ಮನೆಗೆ ಬಂದು ಸಾಮಾನಿನ ದೋಣಿಯಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿದ. ಮರುವರ್ಷ ಕ್ಲಬ್ಬು ದ್ವೀಪದ ಜನರ ಗೌರವಾರ್ಥವೆಂದು ಆಮೆಯ ಚಿತ್ತಾರದ ಅಂಗಿ ಹೊಲಿಸಿತು, ಎದೆಯ ಮೇಲೆ ಅದೇ ಕಂಪನಿಯ ಹೆಸರು. ಅದನ್ನು ತೊಟ್ಟು ನಾಯಕ ಸೈಲಸ್ ನಗುತ್ತಿರುವ ಚಿತ್ರವನ್ನು ಬಸ್ಸುಗಳ ಬೆನ್ನಿಗೆ ಅಂಟಿಸಿದರು. ಕೆಂಪು ದೀಪದಲ್ಲಿ ಕಾರು ನಿಂತಾಗ ಮುಂದೆ ಆ ನಗು. ಯಾವ ನಗುವೆಂದು ಅವನಿಗೊಬ್ಬನಿಗೇ ಗೊತ್ತು. ಇನ್ನೊಬ್ಬನಿಗೂ ಗೊತ್ತು.

ಅಂಗಿ ತೊಟ್ಟುಕೊಂಡು ಸೈಲಸ್ ರಸ್ತೆ ದಾಟಿದ. ಗುಂಡಿಯೊಳಗೆ ಕಲ್ಲುಗಳು ಬೆಳ್ಳಗೆ ಕಾದಿದ್ದವು. ಭಾವ ಬಾಳೆಲೆಯಲ್ಲಿ ಸುತ್ತಿದ ಹಂದಿಮಾಂಸ, ಗೆಣಸು, ಕಾಯಿಹಾಲಿನ ಮುದ್ದೆಗಳನ್ನು ಜೋಡಿಸುತ್ತಿದ್ದ. ತಲೆಗೂದಲು ನೆರೆತಿತ್ತು. ಭುಜ ಮಾತ್ರ ಹಾಗೇ ಇತ್ತು. ಪಕ್ಕದಲ್ಲಿ ಹೂವಿನ ದೊಗಲೆ ನಿಲುವಂಗಿಯ ಮೇಬಲ್ ಅತ್ತೆ ಕುರ್ಚಿ ಹಾಕಿಕೊಂಡು ಅಪ್ಪಣೆ ಕೊಡುತ್ತಿದ್ದಳು.

"ನಾನೂ ಒಂದು ಕೈ ಹಾಕ್ತೀನಿ" ಎಂದ ಸೈಲಸ್.

"ನೀನಾ?" ಎಂದಳು ಮೇಬಲ್ ಅತ್ತೆ. "ಮದುಮಗ ತನ್ನ ಮದ್ವೆಗೆ ತಾನೇ ನೀರು ಹೊತ್ತ ಹಾಗಿರುತ್ತೆ. ಹೋಗೋ ಆಚೆ."

"ಕೂತ್ಕೊ ಭಾವ" ಎಂದ ಭಾವ, ಬಗ್ಗಿದಲ್ಲಿಂದಲೇ. "ಒಳ್ಳೇ ಅಂಗಿ, ಮಸಿ ಆಗುತ್ತೆ." ದನಿಯಲ್ಲಿ ಕೊಂಕಿರಲಿಲ್ಲ. ಒಂಬತ್ತು ವರ್ಷವೂ ಇರಲಿಲ್ಲ. ಮೀನು ಕಳಿಸಿದ್ದ, ತಾಯಿಯ ಸಾವಿಗೆ ಬಂದಾಗ ಹಾಸಿಗೆ ಹಾಸಿಕೊಟ್ಟಿದ್ದ, ಕೂತ್ಕೊ ಭಾವ, ಉಣ್ಣು ಭಾವ. ಬೈದಿದ್ದರೆ ಸೈಲಸ್ ಬದುಕಿಕೊಳ್ಳುತ್ತಿದ್ದ. ಆ ಮರ್ಯಾದೆಯನ್ನು ಅವನು ಪ್ರತಿ ಸಲವೂ ಮೀನಿನ ಮುಳ್ಳಿನ ಹಾಗೆ ನುಂಗುತ್ತಿದ್ದ. ಕಾದ ಕಲ್ಲಿನ ಝಳ ಮುಖಕ್ಕೆ ಹೊಡೆಯಿತು, ಕಣ್ಣು ಒದ್ದೆಯಾದವು. ಹೊಗೆಗೆ ಎಂದು ಯಾರಾದರೂ ತಿಳಿದುಕೊಳ್ಳಲಿ ಎಂದು ಒರೆಸಿಕೊಳ್ಳದೆ ನಿಂತ. ಯಾರೂ ಏನೂ ತಿಳಿದುಕೊಳ್ಳಲಿಲ್ಲ, ಏಕೆಂದರೆ ಯಾರೂ ನೋಡುತ್ತಿರಲಿಲ್ಲ.

ಕ್ರೇಗ್ ಬಂದದ್ದು ಒಂದು ರಟ್ಟಿನ ಪೆಟ್ಟಿಗೆಯ ಜೊತೆ. ಪೆಟ್ಟಿಗೆಯ ತುಂಬ ಆಮೆಯ ಟೋಪಿಗಳು. ಬಿಸಿಲಿಗೆ ಮೂಗು ಕೆಂಪಾಗಿತ್ತು, ಸೈಲಸನನ್ನು ತಬ್ಬಿಕೊಂಡ. ಭಾವ ಮಾಂಸದ ಮೇಲೆ ಗೋಣಿ ಹಾಸಿ ಮರಳು ಎಳೆಯುತ್ತಿದ್ದ. ಕ್ರೇಗ್ ಅವನನ್ನು ಕಂಡು, ಹಳೆಯ ನೆಂಟರನ್ನು ಕಂಡ ಸಂತೋಷದಲ್ಲಿ ಕೈ ಚಾಚಿ, ಚಾಚಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟು ಸೈಲಸನ ಕಡೆ ತಿರುಗಿದ.

"ನಮ್ಮಲ್ಲಿ ಆಡ್ತಿದ್ರಲ್ಲ ಇವ್ರು, ನಿಮ್ಮ ಬಂಧು. ಎಂಥ ಜಿಗಿತ. ಛೆ, ಹೆಸರು ಬಾಯಲ್ಲೇ ಇದೆ. ಏನು ಸೈಲಸ್ ಇವರ ಹೆಸರು?"

ಭಾವ ಸಲಿಕೆಯ ಮೇಲೆ ಕೈಯಿಟ್ಟು ನಿಂತು ಸೈಲಸನನ್ನೇ ನೋಡಿದ, ಒಂಬತ್ತು ವರ್ಷಗಳಲ್ಲಿ ಮೊದಲ ಸಲ ನೇರವಾಗಿ, ಆರು ಹೆಜ್ಜೆ ದೂರದಿಂದ.

"ಅವನ ಬಾಯಲ್ಲಿ ಅದು ಬರಲ್ಲ ಕಣಪ್ಪ" ಎಂದಳು ಮೇಬಲ್ ಅತ್ತೆ, ಹೆಮ್ಮೆಯಿಂದ. "ಪ್ರಾಣ ಹೋದ್ರೂ ಬರಲ್ಲ. ನಿಮ್ ಕಾಗದದ ಮೇಲೇ ಬರೀಲಿಲ್ಲ, ನೆನಪಿಲ್ವಾ? ನಂಬರು ಹಾಕಿದ್ದ."

"ಓ" ಎಂದ ಕ್ರೇಗ್. ಅವನಿಗೆ ನೆನಪಾಯಿತು. ಅವನ ಮುಖದಲ್ಲಿ ಏನೋ ಒಂದು ಲೆಕ್ಕ ತಡವಾಗಿ ಕೂಡಿದಂತಾಗಿ, ತಕ್ಷಣ ಅಳಿಸಿಹೋಯಿತು. "ಎಷ್ಟು ಚಂದದ ಪದ್ಧತಿ" ಎಂದ.

ಆ ಚಂದದ ಪದ್ಧತಿಯನ್ನು ತಾನು ಕೈವಸ್ತ್ರದ ಹಾಗೆ ಬಳಸಿ ಬಾಯಿ ಒರೆಸಿಕೊಂಡೆನೆಂದು ಸೈಲಸನಿಗೆ ಆಗ, ಆ ಸೆಖೆಯಲ್ಲಿ, ಸುಟ್ಟ ಬಾಳೆಲೆಯ ವಾಸನೆಯಲ್ಲಿ, ಎಂದೂ ತಿಳಿದಿರದಷ್ಟು ನಿಚ್ಚಳವಾಗಿ ತಿಳಿಯಿತು. ಡೋಲು ಬಡಿದರು, ಪಾದ್ರಿ ಪ್ರಾರ್ಥಿಸಿದರು, ಕೊರಳಿಗೆ ಹೂಸರ ಬಿತ್ತು. ಕ್ರೇಗ್ ಮೈಕಿನಲ್ಲಿ ಧೈರ್ಯ, ನಿಷ್ಠೆ, ಮಾದರಿ ಎಂಬ ಶಬ್ದಗಳನ್ನು ಒಂದೊಂದಾಗಿ ಇಳಿಸಿದ. ಕೊನೆಗೆ ಮೈಕು ಸೈಲಸನ ಕೈಗೆ ಬಂತು. ಮಾತಾಡಲು ನಿಲ್ಲಬೇಕಾದ ಜಾಗ ತನ್ನ ಹೆಸರಿನ ಮೇಲೆಯೇ ಎಂದು ಅವನು ನೋಡಿಕೊಂಡ. ಬಣ್ಣ ಕಾಲಿಗೆ ಅಂಟುತ್ತಿತ್ತು. ಎದುರು ನೂರೈವತ್ತು ಜನ, ಎಲ್ಲರೂ ಒಂದಲ್ಲ ಒಂದು ಕಡೆಯಿಂದ ಅವನ ರಕ್ತ. ಪೆಟ್ರೀನಾ ಮೊದಲ ಸಾಲಿನಲ್ಲಿ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ದೂರದಲ್ಲಿ ಭಾವ ಗುಂಡಿಯ ಮೇಲಿನ ಮರಳನ್ನು ಸರಿಸಲು ಶುರುಮಾಡಿದ್ದ, ಮಾತು ಮುಗಿಯುವಷ್ಟರಲ್ಲಿ ಊಟ ಸಿದ್ಧವಿರಬೇಕು. ಎರಡು ಒಳ್ಳೆಯ ಮಾತು ಹೇಳಿ ಕೂರಬಹುದಿತ್ತು. ನಗು ಬರಲು ಕಾಯುತ್ತಿತ್ತು, ತುಟಿಯ ಮೂಲೆಯವರೆಗೆ ಬಂದಿತ್ತು. ಅದು ಬಂದರೆ ಇನ್ನು ಸಾಯುವವರೆಗೂ ಹೋಗುವುದಿಲ್ಲವೆಂಬ ಭಯದಲ್ಲಿ ಅವನು ಬಾಯಿ ತೆರೆದ.

"ಒಬೆದ್" ಎಂದ.

ಮೈಕು ಅದನ್ನು ದೊಡ್ಡದು ಮಾಡಿ ಕಡಲಿನವರೆಗೆ ಎಸೆಯಿತು. ಡೋಲಿನವನ ಕೈ ಡೋಲಿನ ಮೇಲೇ ಉಳಿಯಿತು. ಮೇಬಲ್ ಅತ್ತೆ, "ಅಯ್ಯೋ, ಬಾಯಿ ಮುಚ್ಚೋ" ಎಂದು ಅರ್ಧ ಎದ್ದಳು. ಮುದುಕರು ತಲೆ ತಗ್ಗಿಸಿದರು, ಅವನ ಪರವಾಗಿ ತಾವೇ ನಾಚಿದವರಂತೆ. ಸಲಿಕೆ ನಿಂತಿತು.

"ಒಬೆದ್ ಹೇಳಿದ್ದು ನಿಜ" ಎಂದ ಸೈಲಸ್. ದನಿ ಅವನದಾಗಿರಲಿಲ್ಲ, ಯಾವುದೋ ಹುಡುಗನದು. "ಒಬೆದನ್ನ ಆ ಮನುಷ್ಯ ಕೋತಿ ಅಂದ. ಬಾಳೆಹಣ್ಣು ಎಸೀರಿ ಅಂದ. ನಾನು ಎರಡು ಮೊಳ ದೂರದಲ್ಲಿದ್ದೆ. ನಂಗೆ ಕೇಳಿಸ್ತು. ಕೇಳಿಸ್ಲಿಲ್ಲ ಅಂತ ಬರೆದುಕೊಟ್ಟೆ. ಹೆಸರು ಬರೀಲಿಲ್ಲ, ನಂಬರು ಬರೆದೆ. ನೀವು ಅದನ್ನ ಮರ್ಯಾದೆ ಅಂದ್ಕೊಂಡ್ರಿ." ತಲೆ ತಾನಾಗಿ ತಗ್ಗಿತು. ಇನ್ನು ಏನಾದರೂ ಕೊಡಬೇಕು, ಅದು ಕ್ರಮ. "ಏನು ಬೇಕು ಕೇಳು, ಭಾವ. ಕೊಡ್ತೀನಿ."

ಒಬೆದ್ ಬೇಲಿಯ ಬಾಗಿಲು ದಾಟಿ ಬಂದ. ಸಲಿಕೆ ಕೈಯಲ್ಲೇ ಇತ್ತು, ಅದರ ತುದಿಯಿಂದ ಬಿಸಿ ಮರಳು ಉದುರುತ್ತಿತ್ತು. ಅವನು ಹೆಸರನ್ನು ಬಳಸಿಕೊಂಡು ಬರಲಿಲ್ಲ, ಅದರ ಮೇಲೆಯೇ ನಡೆದು ಬಂದ.

"ಇನ್ನೂ ಒಂದಿದೆ" ಎಂದ, ಮೈಕಿಗಲ್ಲ, ಇವನಿಗೆ. "ಅದನ್ನ ಕೊಡು."

ಸೈಲಸನಿಗೆ ಗೊತ್ತಾಯಿತು. ಅದೊಂದನ್ನು ಬಿಟ್ಟು ಬೇರೇನನ್ನಾದರೂ ಕೇಳಿದ್ದರೆ, ಮನೆ, ಕಾರು, ಈ ಅಂಗಳ, ಕೊಟ್ಟುಬಿಡುತ್ತಿದ್ದ. ಪೆಟ್ರೀನಾ ಈಗ ಉಗುರು ನೋಡುತ್ತಿರಲಿಲ್ಲ.

"ಅವನು ಅದನ್ನ ಅಂದಾಗ" ಎಂದ ಸೈಲಸ್, "ನಾನು ನಕ್ಕೆ."

ಗಾಳಿ ಬೀಸುತ್ತಿತ್ತು. ಯಾರದೋ ಟೋಪಿ ಉರುಳಿಕೊಂಡು ಹೋಗಿ ಬೇಲಿಗೆ ಸಿಕ್ಕಿಕೊಂಡಿತು. ಕ್ರೇಗ್ ಪಕ್ಕದವರನ್ನು, "ಇದೂ ಕಾರ್ಯಕ್ರಮದಲ್ಲಿ ಇತ್ತಾ?" ಎಂದು ಕೇಳಿದ್ದು ಸೈಲಸನಿಗೆ ಕೇಳಿಸಿತು. ಪೆಟ್ರೀನಾ ಕುರ್ಚಿಯಿಂದ ಎದ್ದು, ಅವನನ್ನು ನೋಡದೆ, ತಾಯಿಯ ಸಮಾಧಿಯಿರುವ ಗುಡ್ಡದ ದಾರಿ ಹಿಡಿದದ್ದು ಅವಳ ಚಪ್ಪಲಿಯ ಸದ್ದಿನಿಂದಲೇ ತಿಳಿಯಿತು. ಹಿಂದೆ ಹೋಗಬೇಕೆನಿಸಿತು. ದಂಡ ತೆಗೆದುಕೊಳ್ಳಬೇಕಾದವನು ಇನ್ನೂ ಎದುರಿಗೇ ನಿಂತಿದ್ದ, ಮುಖ ಎತ್ತಲು ಅಪ್ಪಣೆ ಸಿಕ್ಕಿರಲಿಲ್ಲ.

"ತಗೊಂಡೆ" ಎಂದ ಒಬೆದ್. ಕ್ಷಮಿಸಿದೆ ಎನ್ನಲಿಲ್ಲ. ಅಳೆದು ತೂಗಿ ಒಂದು ಮಾತು ಆರಿಸಿಕೊಂಡವನಂತೆ ಹೇಳಿದ: "ಸೈಲಸ್."

ಜನರ ನಡುವಿನಿಂದ ಉಸಿರು ಎಳೆದುಕೊಂಡ ಸದ್ದು ಎದ್ದಿತು. ಅವನ ಬಾಯಿ ಜಾರಿರಲಿಲ್ಲ. ನೆಂಟಸ್ತಿಕೆ ಕಡಿದ ಮಾತೋ ಅದು, ಸಾಲ ಸರಿಮಾಡಿದ ಮಾತೋ, ಮೇಬಲ್ ಅತ್ತೆಗೂ ಗೊತ್ತಾಗಲಿಲ್ಲ. ಅವಳು ಜೀವನದಲ್ಲಿ ಮೊದಲ ಸಲ ತೀರ್ಪಿಲ್ಲದೆ ಬಾಯಿ ತೆರೆದು ಕೂತಿದ್ದಳು.

"ಈಗ ನಾನೂ ದಂಡ ಕೊಡ್ಬೇಕಲ್ಲ" ಎಂದ ಒಬೆದ್, ಸಲಿಕೆಯ ಹಿಡಿಯನ್ನು ಇವನ ಕಡೆ ತಿರುಗಿಸಿ ಚಾಚಿದ. "ತಗೋ. ಮಾಂಸ ಕರಗಿಹೋಗುತ್ತೆ. ತೋಡು."

ಸೈಲಸ್ ಮೈಕನ್ನು ಹೆಸರಿನ ಮೇಲೆ ಇಟ್ಟು ಸಲಿಕೆ ತೆಗೆದುಕೊಂಡ. ಗುಂಡಿಯ ಬಳಿ ನಿಂತು ಬಗ್ಗಲು ಮೊಣಕಾಲು ಒಪ್ಪಲಿಲ್ಲ, ಮಂಡಿಯೂರಬೇಕಾಯಿತು. ಮರಳು ಕಾದಿತ್ತು. ಒಂದೊಂದು ಸಲಿಕೆಗೂ ಆವಿ ಮೇಲೆದ್ದು ಆಮೆಯ ಅಂಗಿಯೊಳಗೆ ನುಗ್ಗಿತು. ಕೊಳೆಯಾದರೆ ಆಗಲಿ. ತನ್ನ ಉಸಿರು, ಸಲಿಕೆಯ ತುದಿ ಕಲ್ಲಿಗೆ ತಾಗುವ ಸದ್ದು, ದೂರದಲ್ಲಿ ಗುಡ್ಡ ಹತ್ತುತ್ತಿದ್ದ ಚಪ್ಪಲಿಯ ಸದ್ದು, ಎಲ್ಲವೂ ಅವನಿಗೆ ಕೇಳಿಸುತ್ತಿತ್ತು.